ಅಶ್ವಹೃದಯ: ತಾಳ ತಪ್ಪಿದ ಬಡಿತದ ಚರಿತ್ರೆ

ನಳನ ಕಥೆಯನ್ನು ಓದಿದವರಿಗೆ, ಕೇಳಿದವರಿಗೆ ‘ಅಶ್ವಹೃದಯ’ ಎಂಬ ಮಾತು ಹೊಸದಲ್ಲ. ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿದ್ದ ನಳನಿಗೆ ಆ ವಿದ್ಯೆ ಗೊತ್ತಿತ್ತು. ಋತುಪರ್ಣನಿಗೆ ಗೊತ್ತಿದ್ದದ್ದು ‘ಅಕ್ಷಹೃದಯ’, ಅಂದರೆ ದಾಳದ ಮತ್ತು ಎಣಿಕೆಯ ಮರ್ಮ. ಇಬ್ಬರೂ ತಮ್ಮ ವಿದ್ಯೆಗಳನ್ನು ಬದಲಾಯಿಸಿಕೊಂಡರು. ಅಲ್ಲಿ ‘ಹೃದಯ’ವೆಂದರೆ ರಹಸ್ಯ. ಈ ಲೇಖನದಲ್ಲಿ ಆ ಪದಕ್ಕೆ ನೇರವಾದ ಅರ್ಥವನ್ನೇ ಇಟ್ಟುಕೊಳ್ಳೋಣ: ಕುದುರೆಯ ಎದೆಗೂಡಿನಲ್ಲಿ ಬಡಿಯುತ್ತಿರುವ, ಅದರ ದೇಹತೂಕದ ನೂರರಲ್ಲೊಂದು ಪಾಲಿನಷ್ಟು ತೂಗುವ ಸ್ನಾಯುವಿನ ಚೀಲ. ಆದರೂ ಆ ಹಳೆಯ ಕಥೆ ನಮಗೆ ಒಗ್ಗುತ್ತದೆ. ಕುದುರೆಯ ಹೃದಯ ಏಕೆ ತಾಳ ತಪ್ಪುತ್ತದೆ ಎಂಬ ಪ್ರಶ್ನೆ ಬಿಡಿಸಿಕೊಂಡದ್ದು ಕುದುರೆ ಬಲ್ಲವರೂ ಲೆಕ್ಕ ಬಲ್ಲವರೂ ಒಂದೇ ರಥದಲ್ಲಿ ಕುಳಿತಾಗಲೇ.

ಭೌತಶಾಸ್ತ್ರ ಪಾಠ ಹೇಳುವವನಿಗೆ ಕುದುರೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಹೆಗ್ಗನಹಳ್ಳಿ ಕ್ರಾಸಿನಲ್ಲಿ ಇಂದು ಕುದುರೆಯೊಂದನ್ನು ಕಾಣಬೇಕಾದರೆ ಮದುವೆಯ ಮೆರವಣಿಗೆ ಬರಬೇಕು. ಲೇತ್ ಯಂತ್ರಗಳ ಸದ್ದಿನ ನಡುವೆ ಗೊರಸಿನ ಸದ್ದು ಎಲ್ಲಿಂದ ಬರಬೇಕು? ಆದರೆ ಇಲ್ಲಿಂದ ಪೂರ್ವಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಬೆಂಗಳೂರಿನ ರೇಸ್‌ಕೋರ್ಸ್. ಪಶ್ಚಿಮಕ್ಕೆ ಮಾಗಡಿ ರಸ್ತೆ ಹಿಡಿದು ಮಾಗಡಿಯನ್ನು ದಾಟಿದರೆ ಕುಣಿಗಲ್. ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಕುದುರೆ ಸಾಕಿದ, ಮುಂದೆ ಪಂದ್ಯದ ಥರೋಬ್ರೆಡ್ ಕುದುರೆಗಳ ತಳಿಶಾಲೆಯಾಗಿ ಬೆಳೆದ ಊರು. ಕುದುರೆಯ ಆರೋಗ್ಯದ ಚಿಂತೆ ಕನ್ನಡ ನಾಡಿಗೆ ಹೊಸತೂ ಅಲ್ಲ. ಕ್ರಿ.ಶ. 1400ರ ಸುಮಾರಿನಲ್ಲೇ ಅಭಿನವಚಂದ್ರ ಕನ್ನಡದಲ್ಲಿ ಅಶ್ವವೈದ್ಯವನ್ನು ಕುರಿತು ಗ್ರಂಥ ಬರೆದಿದ್ದ. ಅರಬ್ಬೀ ಕುದುರೆಗಳಿಗೆ ಹೊನ್ನು ಸುರಿಯುತ್ತಿದ್ದ ವಿಜಯನಗರದ ಕಾಲದಲ್ಲಿ ಸತ್ತ ಕುದುರೆ ಎಂದರೆ ಖಜಾನೆಗೇ ನಷ್ಟ.

ಮೊದಲು ಒಂದು ಪ್ರಯೋಗ. ಸಾಧುವಾದ, ಪರಿಚಿತ ಕುದುರೆಯೊಂದು ಸಿಕ್ಕರೆ, ಅದರ ಯಜಮಾನನ ಒಪ್ಪಿಗೆ ಪಡೆದು, ಕೆಳದವಡೆಯ ಎಲುಬಿನ ಒಳ ಅಂಚಿಗೆ ಬೆರಳಿಡಿ. ಅಲ್ಲಿ ಹಗ್ಗದಂತೆ ಸಿಗುವ ಅಪಧಮನಿಯಲ್ಲಿ ನಾಡಿ ಎಣಿಸಿ. ನಿಮ್ಮ ನಾಡಿ ನಿಮಿಷಕ್ಕೆ 72 ಆಗಿದ್ದರೆ ಕುದುರೆಯದು 28ರಿಂದ 40. ತಾಳ್ಮೆಯಿಂದ ಎಣಿಸುತ್ತ ಹೋದರೆ ಕೆಲವು ಕುದುರೆಗಳಲ್ಲಿ ನಾಲ್ಕೈದು ಬಡಿತಗಳಾದ ಮೇಲೆ ಒಂದು ಬಡಿತ ಬರುವುದೇ ಇಲ್ಲ. ಮೃದಂಗದವನು ಒಂದು ಪೆಟ್ಟನ್ನು ನುಂಗಿಕೊಂಡಂತೆ ಮೌನ. ಮತ್ತೆ ಎಂದಿನಂತೆ ಬಡಿತ. ನಿಮಗೆ ಗಾಬರಿಯಾಗುತ್ತದೆ. ಕುದುರೆಗೆ ಏನೂ ಆಗಿರುವುದಿಲ್ಲ!

ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳಲ್ಲಿ ಹುಟ್ಟುವ ವಿದ್ಯುತ್ ಚೋದನೆ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯಲು ಇರುವುದು ಒಂದೇ ಬಾಗಿಲು. ಅದನ್ನು ಎವಿ ನೋಡ್ ಎನ್ನುತ್ತಾರೆ. ವಿಶ್ರಾಂತಿಯಲ್ಲಿರುವ ಕುದುರೆಯಲ್ಲಿ ವೇಗಸ್ ಎಂಬ ನರದ ಹಿಡಿತ ಬಹಳ ಬಲವಾದದ್ದು. ರಕ್ತದ ಒತ್ತಡ ತುಸು ಏರಿತೆಂದರೆ ಆ ನರ ಬಾಗಿಲನ್ನು ಒಂದು ಸಲ ಮುಚ್ಚಿಬಿಡುತ್ತದೆ. ಹೃತ್ಕರ್ಣ ಬಡಿಯುತ್ತದೆ, ಹೃತ್ಕುಕ್ಷಿ ಸುಮ್ಮನಿರುತ್ತದೆ. ಕುದುರೆಯನ್ನು ನಾಲ್ಕು ಹೆಜ್ಜೆ ಓಡಿಸಿ. ವೇಗಸ್ ಹಿಡಿತ ಸಡಿಲಿ ಬಡಿತ ಗಡಿಯಾರದಂತೆ ಸರಿಯಾಗುತ್ತದೆ. ಮನುಷ್ಯನಲ್ಲಿ ವೈದ್ಯರನ್ನು ಚಿಂತೆಗೀಡುಮಾಡುವ ಈ ‘ತಡೆ’ ಕುದುರೆಗೆ ಸಹಜ ಗುಣ. ಹೀಗಾಗಿ ಕುದುರೆ ವೈದ್ಯನ ಮುಂದೆ ಎರಡು ಬಗೆಯ ತಪ್ಪುಗಳು ಸದಾ ಕಾದಿರುತ್ತವೆ. ಆರೋಗ್ಯವಾದ ಕುದುರೆಯನ್ನು ರೋಗಿ ಎಂದು ತಿರಸ್ಕರಿಸುವುದು ಒಂದು. ಲಾಯದಲ್ಲಿ ಶಾಂತವಾಗಿ ನಿಂತಾಗ ಸರಿಯಾಗಿಯೇ ಇದ್ದು, ನಾಗಾಲೋಟದಲ್ಲಿ ಮಾತ್ರ ತಾಳ ಕೆಡುವ ಕುದುರೆಗೆ ‘ಸರಿಯಿದೆ’ ಎಂದು ಚೀಟಿ ಕೊಡುವುದು ಇನ್ನೊಂದು. ಎರಡನೆಯದರಲ್ಲಿ ಕುದುರೆಯ ಜೀವದ ಜೊತೆಗೆ ಬೆನ್ನ ಮೇಲಿರುವ ಜಾಕಿಯ ಜೀವವೂ ಪಣಕ್ಕೆ ಬೀಳುತ್ತದೆ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುವ, ಅರ್ಧ ಟನ್ ತೂಗುವ ಪ್ರಾಣಿ ಮುಗ್ಗರಿಸಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಗಾಜಿನ ಕೊಳವೆಯಿಂದ ಆರಂಭ

ಕುದುರೆಯ ಹೃದಯವನ್ನು ಮೊಟ್ಟಮೊದಲು ಅಳತೆಗೆ ಒಳಪಡಿಸಿದವನು ವೈದ್ಯನಲ್ಲ, ಪಾದ್ರಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಹದಿನಾಲ್ಕು ವರ್ಷ ವಯಸ್ಸಿನ ಹೆಣ್ಣು ಕುದುರೆಯೊಂದನ್ನು ಕಟ್ಟಿ ಮಲಗಿಸಿ, ಅದರ ತೊಡೆಯ ಅಪಧಮನಿಗೆ ಹಿತ್ತಾಳೆಯ ನಳಿಕೆ ಸೇರಿಸಿ, ಅದಕ್ಕೆ ಒಂಬತ್ತು ಅಡಿ ಉದ್ದದ ಗಾಜಿನ ಕೊಳವೆಯನ್ನು ನೆಟ್ಟಗೆ ಜೋಡಿಸಿದ. ಕೊಳವೆಯಲ್ಲಿ ರಕ್ತ 8 ಅಡಿ 3 ಅಂಗುಲ ಏರಿತು. 1733ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ವಿವರಗಳಿವೆ.

ಈ ಸಂಖ್ಯೆಯನ್ನು ಇಂದಿನ ಮಾನಕ್ಕೆ ಇಳಿಸಿ ನೋಡಿ. ಪಿಯುಸಿಯ ಲೆಕ್ಕವೇ ಸಾಕು. 8 ಅಡಿ 3 ಅಂಗುಲವೆಂದರೆ ಸುಮಾರು 251 ಸೆಂಟಿಮೀಟರ್. ರಕ್ತದ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, ಪಾದರಸದ್ದು ನೀರಿನ 13.6 ಪಟ್ಟು. ಭಾಗಿಸಿದರೆ ಪಾದರಸದ 190 ಮಿಲಿಮೀಟರಿಗಿಂತ ಹೆಚ್ಚೇ ಸಿಗುತ್ತದೆ. ಸ್ವಸ್ಥವಾಗಿ, ಶಾಂತವಾಗಿ ನಿಂತ ಕುದುರೆಯ ಸರಾಸರಿ ಒತ್ತಡ 110ರ ಆಸುಪಾಸು ಇರಬೇಕು. ಉಳಿದ ಎಂಬತ್ತು ಚಿಲ್ಲರೆ ಮಿಲಿಮೀಟರ್ ಆ ಬಡಪ್ರಾಣಿಯ ನೋವು ಮತ್ತು ಭಯದ ಅಳತೆ. ಅರಿವಳಿಕೆ ಇನ್ನೂ ಹುಟ್ಟಿರದ ಕಾಲ ಅದು. ಹೇಲ್ಸನೇ ಬರೆದಿರುವಂತೆ ನೋವಿಲ್ಲದ, ಹೆದರದ ಕುದುರೆಯ ನಾಡಿ ನಿಮಿಷಕ್ಕೆ ಸುಮಾರು 36; ಕಟ್ಟಿಹಾಕಿದ ಆ ಕುದುರೆಯದು ಅದಕ್ಕಿಂತ ಬಹಳ ಹೆಚ್ಚಾಗಿತ್ತು. ಭಾವನೆ ಹೃದಯದ ಗತಿಯನ್ನು ಬದಲಿಸುತ್ತದೆ ಎಂಬುದಕ್ಕೆ ಅಂಕಿಯ ರೂಪದ ಸಾಕ್ಷ್ಯ ಹೀಗೆ ಕ್ರೂರವಾದ ದಾರಿಯಲ್ಲಿ ದೊರೆಯಿತು.

ಮುಂದಿನ ಮಹತ್ವದ ಹೆಜ್ಜೆ ಫ್ರಾನ್ಸಿನಲ್ಲಿ. ಲಿಯೋನ್ ಪಶುವೈದ್ಯ ಶಾಲೆಯ ಓಗುಸ್ತ್ ಶೋವೋ ಮತ್ತು ಶರೀರವಿಜ್ಞಾನಿ ಎತಿಯೆನ್ ಜೂಲ್ ಮರೇ 1860ರ ದಶಕದ ಆರಂಭದಲ್ಲಿ ಕುದುರೆಯ ಕುತ್ತಿಗೆಯ ಅಭಿಧಮನಿಯ ಮೂಲಕ ಸಣ್ಣ ನಳಿಕೆಯನ್ನು ಹೃದಯದ ಬಲ ಕೋಣೆಗಳಿಗೂ, ಕುತ್ತಿಗೆಯ ಅಪಧಮನಿಯ ಮೂಲಕ ಎಡ ಕುಕ್ಷಿಗೂ ಇಳಿಸಿದರು. ನಳಿಕೆಯ ತುದಿಯ ಗಾಳಿಚೀಲದ ಒತ್ತಡ ಮಸಿ ಬಳಿದ ಉರುಳೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಕರ್ಣ ಮೊದಲು, ಕುಕ್ಷಿ ನಂತರ ಎಂಬ ಅನುಕ್ರಮ ಆ ಗೆರೆಗಳಲ್ಲಿ ಸ್ಪಷ್ಟವಾಗಿ ಕಂಡಿತು. ಕುದುರೆಯನ್ನೇ ಏಕೆ ಆರಿಸಿದರು? ಅದರ ರಕ್ತನಾಳ ಅಗಲ, ಬಡಿತ ನಿಧಾನ. ನಿಧಾನವಾದ ಉಪಕರಣಕ್ಕೆ ನಿಧಾನವಾದ ಹೃದಯವೇ ಬೇಕಿತ್ತು.

ಈ ಪ್ರಯೋಗಕ್ಕೆ ಒಂದು ಸ್ವಾರಸ್ಯಕರ ಉತ್ತರಕಥೆ ಇದೆ. ಕುದುರೆಯ ಕುತ್ತಿಗೆಗೆ ನಳಿಕೆ ಇಳಿಸುತ್ತಿರುವ ಚಿತ್ರವೊಂದನ್ನು ಪುಸ್ತಕದಲ್ಲಿ ಕಂಡಿದ್ದ ವೆರ್ನರ್ ಫೋರ್ಸ್‌ಮನ್ ಎಂಬ ಜರ್ಮನಿಯ ಯುವ ವೈದ್ಯ 1929ರಲ್ಲಿ ತನ್ನದೇ ತೋಳಿನ ಅಭಿಧಮನಿಯೊಳಗೆ ನಳಿಕೆಯನ್ನು ತೂರಿಸಿ, ಅದು ಹೃದಯವನ್ನು ಮುಟ್ಟಿರುವುದನ್ನು ಎಕ್ಸ್‌ರೇಯಲ್ಲಿ ತೋರಿಸಿದ. 1956ರಲ್ಲಿ ಅವನಿಗೂ ಕೂರ್ನಾನ್ ಹಾಗೂ ರಿಚರ್ಡ್ಸ್ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ನಮ್ಮ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಆಂಜಿಯೋಗ್ರಾಂ ಮಾಡಿಸಿಕೊಳ್ಳುವ ಪ್ರತಿಯೊಬ್ಬರ ಹಿಂದೆಯೂ ಲಿಯೋನಿನ ಆ ಕುದುರೆಗಳಿವೆ.

ಕಂಪಿಸುವ ಕರ್ಣ

ಹೃದಯದ ಸ್ನಾಯು ಒಟ್ಟಾಗಿ ಸಂಕುಚಿಸುವುದನ್ನು ಬಿಟ್ಟು, ಹುಳುಗಳ ಮುದ್ದೆಯಂತೆ ಎಲ್ಲೆಡೆ ಮಿಡುಕಾಡುವ ವಿಚಿತ್ರ ಸ್ಥಿತಿಯನ್ನು 1850ರಲ್ಲಿ ಹೋಫ ಮತ್ತು ಲುಡ್ವಿಗ್ ಪ್ರಾಣಿಗಳ ಹೃದಯಕ್ಕೆ ವಿದ್ಯುತ್ ಹಾಯಿಸಿ ಕಂಡಿದ್ದರು. ಇದೇ ಕಂಪನ ಅಥವಾ ಫಿಬ್ರಿಲೇಶನ್. ಕುಕ್ಷಿಗಳು ಕಂಪಿಸಿದರೆ ನಿಮಿಷಗಳಲ್ಲಿ ಸಾವು. ಕರ್ಣಗಳು ಮಾತ್ರ ಕಂಪಿಸಿದರೆ ಜೀವ ಉಳಿಯುತ್ತದೆ, ಆದರೆ ಬಾಗಿಲ ಬಳಿಗೆ ಚೋದನೆಗಳು ಗುಂಪಾಗಿ, ಹೊತ್ತುಗೊತ್ತಿಲ್ಲದೆ ನುಗ್ಗುತ್ತವೆ. ಅವುಗಳಲ್ಲಿ ಯಾವುದೋ ಒಂದು ದಾಟುತ್ತದೆ, ಹತ್ತು ದಾಟುವುದಿಲ್ಲ. ಆದ್ದರಿಂದ ನಾಡಿಯಲ್ಲಿ ಲೆಕ್ಕವಿಲ್ಲದ ಅಲಯ.

ಮನುಷ್ಯರಲ್ಲಿಯೂ ಅಂಥ ಅಲಯದ ನಾಡಿ ಇರುವುದನ್ನು ವೈದ್ಯರು ಬಹಳ ಹಿಂದಿನಿಂದ ಬಲ್ಲರು. ಅದಕ್ಕೆ ಕಾರಣ ಹೃತ್ಕರ್ಣದ ಕಂಪನವೇ? ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇದು ದೊಡ್ಡ ವಾದದ ವಿಷಯವಾಗಿತ್ತು. ನೆದರ್ಲೆಂಡಿನ ಲೈಡನ್ನಿನಲ್ಲಿ ವಿಲ್ಲೆಂ ಐಂಥೋವನ್ ರಚಿಸಿದ ತಂತಿ ಗ್ಯಾಲ್ವನೋಮೀಟರ್ ಆಗ ಹೊಸದು. ಆಯಸ್ಕಾಂತದ ಧ್ರುವಗಳ ನಡುವೆ ಬೆಳ್ಳಿ ಲೇಪಿಸಿದ ಕ್ವಾರ್ಟ್ಸ್ ಎಳೆ. ಅದರಲ್ಲಿ ಹೃದಯದ ಸೂಕ್ಷ್ಮ ವಿದ್ಯುತ್ ಹರಿದರೆ ಎಳೆ ಅಲುಗುತ್ತದೆ, ಅದರ ನೆರಳು ಫೋಟೋ ಪಟ್ಟಿಯ ಮೇಲೆ ಬೀಳುತ್ತದೆ. ಉಪಕರಣದ ತೂಕ 270 ಕಿಲೋಗ್ರಾಂ, ನಡೆಸಲು ಐದು ಜನ! ಈ ಯಂತ್ರದಿಂದ ಲಂಡನ್ನಿನ ಥಾಮಸ್ ಲೂಯಿಸ್ 1909ರಲ್ಲಿ ಅಲಯದ ನಾಡಿಯ ರೋಗಿಗಳ ಹೃಲ್ಲೇಖ ತೆಗೆದು, ಅದರಲ್ಲಿ ಕರ್ಣದ ಅಲೆ ಮಾಯವಾಗಿ ಆ ಜಾಗದಲ್ಲಿ ಸಣ್ಣ ನಡುಕದ ಗೆರೆ ಇರುವುದನ್ನು ತೋರಿಸಿದ. ಕಂಪಿಸುವ ಕರ್ಣವುಳ್ಳ ಪ್ರಯೋಗದ ನಾಯಿಗಳ ಲೇಖವೂ ಹಾಗೆಯೇ ಇತ್ತು.

ಹೋಲಿಕೆ ಸಾಕ್ಷ್ಯವಲ್ಲ ಎಂದು ಹಟಮಾರಿಯೊಬ್ಬ ಹೇಳಿದರೆ? ನಾಯಿಯ ಕಂಪನ ಪ್ರಯೋಗಶಾಲೆಯಲ್ಲಿ ವಿದ್ಯುತ್ತಿನಿಂದ ಉಂಟುಮಾಡಿದ್ದು. ಮನುಷ್ಯನದು ತಾನಾಗಿ ಬಂದದ್ದು. ಬದುಕಿರುವ ಮನುಷ್ಯನ ಎದೆ ತೆರೆದು ನೋಡುವಂತಿಲ್ಲ. ಈ ಕಂದರವನ್ನು ದಾಟಿಸಿದ್ದು ಕುದುರೆ. ಕುದುರೆಗೂ ಈ ಅಲಯ ತಾನಾಗಿಯೇ ಬರುತ್ತದೆ. ಲೂಯಿಸ್ ಅಂಥ ಕುದುರೆಗಳನ್ನು ಹುಡುಕಿಕೊಂಡು ಹೋದ. ಅವುಗಳ ಹೃಲ್ಲೇಖ ಮನುಷ್ಯ ರೋಗಿಯದನ್ನೇ ಹೋಲುತ್ತಿತ್ತು. ಬಳಿಕ ಎದೆ ತೆರೆದು ನೋಡಿದಾಗ ಕರ್ಣಗಳು ಕಂಪಿಸುತ್ತಿರುವುದು ಬರಿಗಣ್ಣಿಗೇ ಕಂಡಿತು. ‘ಹಾರ್ಟ್’ ಪತ್ರಿಕೆಯ 1911-12ರ ಸಂಪುಟದಲ್ಲಿ ಈ ಪ್ರಬಂಧವಿದೆ. ಇಂದು ಪ್ರಪಂಚದಲ್ಲಿ ಕೋಟಿಗಟ್ಟಲೆ ವೃದ್ಧರನ್ನು ಕಾಡುವ, ಪಾರ್ಶ್ವವಾಯುವಿಗೆ ದಾರಿ ಮಾಡುವ ಹೃತ್ಕರ್ಣ ಕಂಪನವನ್ನು ರೋಗವೆಂದು ಸ್ಥಾಪಿಸಿದ ಸಾಕ್ಷಿಗಳಲ್ಲಿ ಹೀಗೆ ಕುದುರೆಯೂ ಒಂದು. ವೈದ್ಯಕೀಯ ಚರಿತ್ರೆ ಬರೆಯುವವರು ಐಂಥೋವನ್ನನ ತಂತಿಗೆ ಪುಟಗಟ್ಟಲೆ ಕೊಡುತ್ತಾರೆ, ಈ ಕುದುರೆಗೆ ಒಂದು ಸಾಲು. ನನ್ನ ಮಟ್ಟಿಗೆ ಇದು ಅನ್ಯಾಯ.

ವರ್ತುಲ ರಸ್ತೆಯ ಭೌತಶಾಸ್ತ್ರ

ಕಂಪನ ಇದೆ ಎಂದಾಯಿತು. ಅದು ಆರದೆ ಉಳಿಯುವುದು ಏಕೆ? ಕೇಂಬ್ರಿಜ್‌ನ ಜಾರ್ಜ್ ರಾಲ್ಫ್ ಮೈನ್ಸ್ ಎಂಬ ತರುಣ 1913 ಮತ್ತು 1914ರಲ್ಲಿ ಇದಕ್ಕೆ ಕೊಟ್ಟ ಉತ್ತರ ಭೌತವಿಜ್ಞಾನಿಯ ಮನಸ್ಸಿಗೆ ಮುದ ಕೊಡುವಂಥದ್ದು. ಪ್ರಾಣಿಯ ಹೃದಯದಿಂದ ಉಂಗುರದಾಕಾರದ ಸ್ನಾಯುವನ್ನು ಕತ್ತರಿಸಿ, ಒಂದೇ ದಿಕ್ಕಿಗೆ ಹೋಗುವಂತೆ ಒಂದು ಚೋದನೆಯನ್ನು ಹೊರಡಿಸಿದರೆ, ಅದು ಉಂಗುರವನ್ನು ಸುತ್ತಿ ಹೊರಟಲ್ಲಿಗೇ ಬಂದು ಮತ್ತೆ ಮತ್ತೆ ಸುತ್ತುತ್ತಲೇ ಇತ್ತು.

ಇದನ್ನು ಹೆಗ್ಗನಹಳ್ಳಿಯ ಪಕ್ಕದಲ್ಲೇ ಹಾಯುವ ಹೊರವರ್ತುಲ ರಸ್ತೆಯಲ್ಲಿ ಕಲ್ಪಿಸಿಕೊಳ್ಳೋಣ. ನೀವು ಸ್ಕೂಟರಿನಲ್ಲಿ ಸುತ್ತು ಹೊರಟಿದ್ದೀರಿ. ನೀವು ದಾಟಿದ ಪ್ರತಿಯೊಂದು ಸಿಗ್ನಲ್ ಕೂಡಲೇ ಕೆಂಪಾಗುತ್ತದೆ, ಒಂದು ಗೊತ್ತಾದ ಅವಧಿಯ ನಂತರವೇ ಹಸಿರಾಗುತ್ತದೆ. ರಸ್ತೆ ಉದ್ದವಿದ್ದು ನಿಮ್ಮ ವೇಗ ಕಡಿಮೆಯಿದ್ದರೆ, ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಮೊದಲ ಸಿಗ್ನಲ್ ಹಸಿರಾಗಿರುತ್ತದೆ. ನೀವು ನಿಲ್ಲಬೇಕಾಗಿಯೇ ಇಲ್ಲ. ರಸ್ತೆ ಚಿಕ್ಕದಾಗಿದ್ದರೆ ನಿಮ್ಮದೇ ಹಿಂದಿನ ಸುತ್ತಿನ ಕೆಂಪು ದೀಪಕ್ಕೆ ಸಿಕ್ಕಿ ಅಲ್ಲಿಗೆ ಪ್ರಯಾಣ ಮುಗಿಯುತ್ತದೆ. ಹೃದಯದ ಸ್ನಾಯುವಿನಲ್ಲಿಯೂ ಒಮ್ಮೆ ಚೋದನೆ ಪಡೆದ ಕೋಶ ಸ್ವಲ್ಪ ಹೊತ್ತು ಮರುಚೋದನೆಗೆ ಮಣಿಯುವುದಿಲ್ಲ. ಇದನ್ನು ವಿರಾಮಕಾಲ ಎನ್ನೋಣ. ಚೋದನೆಯ ವೇಗವನ್ನು ವಿರಾಮಕಾಲದಿಂದ ಗುಣಿಸಿದರೆ ಬರುವುದು ಅಲೆಯ ಉದ್ದ. ವರ್ತುಲ ಇದಕ್ಕಿಂತ ದೊಡ್ಡದಿದ್ದರೆ ಮಾತ್ರ ಅಲೆ ಸುತ್ತುತ್ತಿರಬಲ್ಲದು.

ಲೆಕ್ಕಕ್ಕೆಂದು ಕರ್ಣದ ಸ್ನಾಯುವಿನಲ್ಲಿ ಚೋದನೆಯ ವೇಗ ಸೆಕೆಂಡಿಗೆ 0.8 ಮೀಟರ್, ವಿರಾಮಕಾಲ 0.25 ಸೆಕೆಂಡ್ ಎಂದಿಟ್ಟುಕೊಳ್ಳಿ. ಅಲೆಯ ಉದ್ದ 20 ಸೆಂಟಿಮೀಟರ್. ವೇಗಸ್ ನರದ ಪ್ರಭಾವದಿಂದ ವಿರಾಮಕಾಲ 0.15ಕ್ಕೆ ಇಳಿದರೆ ಉದ್ದ 12 ಸೆಂಟಿಮೀಟರಿಗೆ ಕುಗ್ಗುತ್ತದೆ. ಇಲಿಯ ಕರ್ಣದಲ್ಲಿ ಇದಕ್ಕೆ ಜಾಗವೆಲ್ಲಿ? ಕುದುರೆಯ ವಿಶಾಲವಾದ ಕರ್ಣದಲ್ಲಿ ಒಂದಲ್ಲ, ಹಲವು ಅಲೆಗಳು ಏಕಕಾಲಕ್ಕೆ ಸುತ್ತಾಡಬಹುದು. ವೇಗಸ್ ನರ ಎಲ್ಲ ಜಾಗದಲ್ಲೂ ಒಂದೇ ಸಮನಾಗಿ ಹರಡಿಲ್ಲವಾದ್ದರಿಂದ ವಿರಾಮಕಾಲವೂ ಜಾಗದಿಂದ ಜಾಗಕ್ಕೆ ಬೇರೆ. ಒಂದೆಡೆ ಕೆಂಪು, ಪಕ್ಕದಲ್ಲೇ ಹಸಿರು. ಅಕಾಲದಲ್ಲಿ ಹುಟ್ಟಿದ ಒಂದು ಬಡಿತ ಅಲ್ಲಿಗೆ ಬಂದರೆ ಅಲೆ ಮುರಿದು ಸುತ್ತಲಾರಂಭಿಸುತ್ತದೆ. ಹೃದ್ರೋಗದ ಬೇರಾವ ಲಕ್ಷಣವೂ ಇಲ್ಲದ, ಗಟ್ಟಿಮುಟ್ಟಾದ ಪಂದ್ಯದ ಕುದುರೆಗೂ ಈ ಕಂಪನ ಬರುವುದು ಇದರಿಂದಲೇ. ಓಟಕ್ಕೆಂದು ಮನುಷ್ಯ ಆರಿಸಿ ಬೆಳೆಸಿದ ದೊಡ್ಡ ಹೃದಯ ಮತ್ತು ವಿಶ್ರಾಂತಿಯಲ್ಲಿ ಅದನ್ನು ನಿಧಾನಗೊಳಿಸುವ ಬಲವಾದ ವೇಗಸ್, ಎರಡೂ ಒಳ್ಳೆಯ ಗುಣಗಳೇ. ಸೇರಿದಾಗ ಕಂಪನಕ್ಕೆ ಅಂಗಳ ಸಿದ್ಧವಾಗುತ್ತದೆ. 1789ರಲ್ಲಿ ಸತ್ತ ‘ಎಕ್ಲಿಪ್ಸ್’ ಎಂಬ ಅಜೇಯ ಕುದುರೆಯ ಹೃದಯವನ್ನು ತೂಗಿದಾಗ 14 ಪೌಂಡ್, ಅಂದರೆ ಆರು ಕಿಲೋಗ್ರಾಮಿಗೂ ಮಿಕ್ಕಿ ಬಂದಿತ್ತು. ಇಂದಿನ ಥರೋಬ್ರೆಡ್‌ಗಳಲ್ಲಿ ಬಹುಪಾಲು ಅದರ ವಂಶದವೇ.

ಗಾತ್ರದ ಈ ವಾದಕ್ಕೆ ಕತ್ತರಿಯಿಂದಲೇ ಪುರಾವೆ ಒದಗಿಸಿದವನು ಅಮೆರಿಕದ ವಾಲ್ಟರ್ ಗ್ಯಾರಿ. 1914ರಲ್ಲಿ ಕಂಪಿಸುತ್ತಿದ್ದ ಹೃದಯಸ್ನಾಯುವನ್ನು ಅವನು ತುಂಡುತುಂಡಾಗಿ ಕತ್ತರಿಸುತ್ತ ಹೋದ. ದೊಡ್ಡ ತುಂಡುಗಳು ಕಂಪಿಸುತ್ತಲೇ ಇದ್ದವು, ಸಣ್ಣವು ಸ್ತಬ್ಧವಾದವು. ಅದೇ ವರ್ಷದ ನವೆಂಬರಿನಲ್ಲಿ ಮೈನ್ಸ್ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತನ್ನ ಪ್ರಯೋಗಶಾಲೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದು, ಅಂದೇ ತೀರಿಕೊಂಡ. ಅವನ ದೇಹಕ್ಕೆ ಉಪಕರಣಗಳು ಜೋಡಿಸಲ್ಪಟ್ಟಿದ್ದವು. ವಯಸ್ಸು ಇನ್ನೂ ಇಪ್ಪತ್ತೆಂಟು.

ಮುಂದಿನ ಕಥೆ ಗಣಿತದ್ದು. 1946ರಲ್ಲಿ ನಾರ್ಬರ್ಟ್ ವೀನರ್ ಮತ್ತು ಆರ್ತೂರೋ ರೋಸನ್‌ಬ್ಲೂತ್ ಇದನ್ನು ಸಮೀಕರಣಗಳಲ್ಲಿ ಹಿಡಿದರು. 1964ರಲ್ಲಿ ಗಾರ್ಡನ್ ಮೋ ಮತ್ತು ಸಂಗಡಿಗರು ಗಣಕಯಂತ್ರದಲ್ಲಿ ಕರ್ಣದ ಮಾದರಿ ರಚಿಸಿ, ಅಲೆದಾಡುವ ಹಲವು ಕಿರು ಅಲೆಗಳೇ ಕಂಪನವನ್ನು ಜೀವಂತವಾಗಿಡುತ್ತವೆ ಎಂದು ತೋರಿಸಿದರು. 1992ರಲ್ಲಿ ಕುರಿಯ ಹೃದಯಸ್ನಾಯುವಿನ ಮೇಲೆ ಬಣ್ಣದ ನೆರವಿನಿಂದ ಸುರುಳಿಯಾಕಾರದ ಅಲೆಗಳ ಚಿತ್ರವನ್ನೇ ತೆಗೆದರು.

ಇಲ್ಲಿ ನಮ್ಮ ಊರಿನ ಪಾತ್ರವೂ ಬರುತ್ತದೆ. ಹೆಗ್ಗನಹಳ್ಳಿಯಿಂದ ನೇರ ಗೆರೆ ಎಳೆದರೆ ಹತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ರಾಹುಲ್ ಪಂಡಿತ್ ಅವರು ಸೀತಾಭ್ರ ಸಿನ್ಹ ಮತ್ತು ಅಶ್ವಿನ್ ಪಾಂಡೆ ಅವರೊಡನೆ 2001ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಿಷಯ, ಹೃತ್ಕುಕ್ಷಿಯ ಕಂಪನವನ್ನು ನಿಲ್ಲಿಸುವುದು. ಇಡೀ ಹೃದಯಕ್ಕೆ ಭಾರಿ ಆಘಾತ ಕೊಡುವ ಬದಲು, ಸ್ನಾಯುವಿನ ಮೇಲೆ ಬಲೆಯಂತೆ ಹರಡಿದ ಗೆರೆಗಳ ಉದ್ದಕ್ಕೆ ಮಾತ್ರ ದುರ್ಬಲವಾದ ವಿದ್ಯುತ್ ಕೊಟ್ಟರೆ, ಆ ಗೆರೆಗಳು ಕೊಂಚ ಹೊತ್ತು ವಿರಾಮದಲ್ಲಿದ್ದು ಗೋಡೆಗಳಂತೆ ವರ್ತಿಸುತ್ತವೆ. ಸ್ನಾಯು ಸಣ್ಣ ಸಣ್ಣ ಮನೆಗಳಾಗಿ ವಿಭಾಗವಾಗುತ್ತದೆ. ಯಾವ ಮನೆಯಲ್ಲಿಯೂ ಸುರುಳಿ ಸುತ್ತಲು ಜಾಗ ಸಾಲದೆ ಕಂಪನ ಆರುತ್ತದೆ. ಗಣಕ ಮಾದರಿಯಲ್ಲಿ ಇದು ಕೆಲಸ ಮಾಡಿತು. ಗ್ಯಾರಿಯ ಕತ್ತರಿಯನ್ನೇ ರಕ್ತ ಹರಿಸದೆ ಬಳಸಿದಂತೆ ಇದು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು.

ಲಾಯದಲ್ಲಿ, ಪಂದ್ಯದಲ್ಲಿ

ಸಿದ್ಧಾಂತ ಇರಲಿ, ಕುದುರೆಗೆ ಏನಾಗುತ್ತದೆ? ಲಾಯದಲ್ಲಿ ನಿಂತಾಗ ಕರ್ಣ ಕಂಪಿಸುತ್ತಿದ್ದರೂ ಅನೇಕ ಕುದುರೆಗಳು ಹುಲ್ಲು ಹುರುಳಿ ತಿಂದು ಸುಖವಾಗಿಯೇ ಇರುತ್ತವೆ. ಬಡಿತ ನಿಧಾನವಾದ್ದರಿಂದ ಕರ್ಣದ ನೆರವಿಲ್ಲದೆಯೂ ಕುಕ್ಷಿ ತುಂಬಿಕೊಳ್ಳಲು ಸಮಯವಿದೆ. ನಾಗಾಲೋಟದಲ್ಲಿ ಹಾಗಲ್ಲ. ಆರೋಗ್ಯವಂತ ಕುದುರೆಯ ಹೃದಯ ಆಗ ನಿಮಿಷಕ್ಕೆ 220 ಸಲ ಬಡಿಯುತ್ತದೆ. ಒಂದು ಬಡಿತಕ್ಕೆ ಸಿಗುವ ಕಾಲ ಸೆಕೆಂಡಿನ ಕಾಲು ಭಾಗದಷ್ಟು ಮಾತ್ರ. ಕರ್ಣದ ತಳ್ಳು ಇಲ್ಲದಿದ್ದರೆ ಕುಕ್ಷಿ ಅರೆಬರೆ ತುಂಬುತ್ತದೆ. ಮುಂಚೂಣಿಯಲ್ಲಿದ್ದ ಕುದುರೆ ಕೊನೆಯ ಇನ್ನೂರು ಮೀಟರಿನಲ್ಲಿ ಇದ್ದಕ್ಕಿದ್ದಂತೆ ಹಿಂದೆ ಬೀಳುತ್ತದೆ. ಗ್ಯಾಲರಿಯಲ್ಲಿ ಕುಳಿತವರು ಜಾಕಿಯನ್ನು ಬಯ್ಯುತ್ತಾರೆ, ಒಳಸಂಚು ಎಂದು ಗುಲ್ಲೆಬ್ಬಿಸುತ್ತಾರೆ. ಜಪಾನಿನಲ್ಲಿ ಸಾವಿರಾರು ಪಂದ್ಯದ ಕುದುರೆಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ, ಹೀಗೆ ಹಿಂದೆ ಬಿದ್ದ ಕುದುರೆಗಳಲ್ಲಿ ಕಂಪನವನ್ನು ಹುಡುಕಿತು. ಒಟ್ಟು ಕುದುರೆಗಳಲ್ಲಿ ಸುಮಾರು ಶೇಕಡಾ 0.3ರಲ್ಲಿ ಅದು ಸಿಕ್ಕಿತು. ಅವುಗಳಲ್ಲಿ ಹೆಚ್ಚಿನವುಗಳ ಲಯ ಒಂದು ದಿನದೊಳಗೆ ತಾನಾಗಿ ಸರಿಯಾಗಿತ್ತು. ಅಂದರೆ ಮರುದಿನ ವೈದ್ಯ ಬಂದು ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಏನೂ ಸಿಗುವುದಿಲ್ಲ!

ಕುಕ್ಷಿಯಲ್ಲಿ ಹುಟ್ಟುವ ಅಕಾಲದ ಬಡಿತಗಳು ಇನ್ನೂ ಅಪಾಯಕರ. ಅವಕ್ಕೆ ಕಾರಣಗಳೂ ಹಲವು. ಕುದುರೆಯ ಬೆವರಿನಲ್ಲಿ ಪೊಟಾಸಿಯಂ ಹೇರಳವಾಗಿ ಹೋಗುತ್ತದೆ. ಕೋಶಪೊರೆಯ ವಿದ್ಯುತ್ತು ನಿಂತಿರುವುದೇ ಪೊಟಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳ ಸಮತೋಲದ ಮೇಲೆ. ಶ್ವಾಸಕೋಶದಲ್ಲಿ ರಕ್ತಸ್ರಾವವಾಗದಿರಲೆಂದು ಕೆಲವು ದೇಶಗಳಲ್ಲಿ ಕೊಡುವ ಮೂತ್ರವರ್ಧಕ ಔಷಧ ಈ ನಷ್ಟವನ್ನು ಹೆಚ್ಚಿಸುತ್ತದೆ. ಜ್ವರ ಬಿಟ್ಟ ಕೂಡಲೇ ಓಡಿಸುವುದೂ ಕೇಡು, ಏಕೆಂದರೆ ಸೋಂಕು ಹೃದಯದ ಸ್ನಾಯುವನ್ನೂ ಉರಿಯೂತಕ್ಕೆ ಗುರಿಮಾಡಬಹುದು. ಭಾರತದಲ್ಲಿ 1987ರಲ್ಲಿಯೂ 2008-09ರಲ್ಲಿಯೂ ಕುದುರೆ ಫ್ಲೂ ಹರಡಿತ್ತು. ಜ್ವರ ಇಳಿದ ಮೇಲೂ ವಾರಗಟ್ಟಲೆ ವಿಶ್ರಾಂತಿ ಕೊಡಬೇಕೆಂಬ ವೈದ್ಯರ ಮಾತು ಗಾಡಿ ಕುದುರೆಯ ಯಜಮಾನನಿಗೆ ದುಬಾರಿಯಾಗಿ ತೋರಬಹುದು. ಕುದುರೆ ದುಡಿಯದ ದಿನ ಅವನ ಒಲೆಯೂ ಉರಿಯುವುದು ಕಷ್ಟ.

ವಿಷಗಳ ವಿಚಾರವನ್ನು ನಮ್ಮ ನಗರದಲ್ಲಿ ಒತ್ತಿ ಹೇಳಬೇಕು. ರಸ್ತೆ ವಿಭಜಕಗಳಲ್ಲಿ, ಉದ್ಯಾನಗಳಲ್ಲಿ ಸಾಲಾಗಿ ಬೆಳೆಸುವ ಕಣಗಿಲೆ ನೋಡಲು ಚೆಂದ. ಅದರ ಎಲೆಯಲ್ಲಿ ಡಿಜಿಟಾಲಿಸ್ ಔಷಧದ ಜಾತಿಗೆ ಸೇರಿದ ಪದಾರ್ಥಗಳಿವೆ. ಕೋಶಪೊರೆಯ ಸೋಡಿಯಂ-ಪೊಟಾಸಿಯಂ ಪಂಪನ್ನು ಅವು ತಡೆಯುತ್ತವೆ. ಕತ್ತರಿಸಿ ಬಿಸಾಡಿದ ಒಣ ಕಣಗಿಲೆ ಎಲೆಯಲ್ಲಿ ಕಹಿ ಕಡಿಮೆ, ವಿಷ ಹಾಗೆಯೇ. ಹುಲ್ಲಿನೊಡನೆ ಬೆರೆತ ಕೆಲವೇ ಎಲೆಗಳು ಕುದುರೆಯ ಹೃದಯದ ಲಯ ಕೆಡಿಸಿ ಕೊಲ್ಲಬಲ್ಲವು. ಕೋಳಿ ಆಹಾರಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಇನ್ನೊಂದು. ಕೋಳಿ ಅದನ್ನು ಸಲೀಸಾಗಿ ಅರಗಿಸಿಕೊಳ್ಳುತ್ತದೆ. ಕುದುರೆಗೆ ದೇಹತೂಕದ ಕಿಲೋಗ್ರಾಮಿಗೆ ಎರಡು ಮೂರು ಮಿಲಿಗ್ರಾಂ ಸಾಕು, ಹೃದಯದ ಸ್ನಾಯು ಸಾಯುತ್ತದೆ. ಒಂದೇ ಯಂತ್ರದಲ್ಲಿ ಕೋಳಿಯ ಆಹಾರವನ್ನೂ ಕುದುರೆಯ ಆಹಾರವನ್ನೂ ಬೆರೆಸುವುದು ಸರಿಯಲ್ಲ ಎನ್ನುವುದು ಇದಕ್ಕೇ.

ಸಿಂಕೋನದಿಂದ ಸಿಡಿಲಿನವರೆಗೆ

ಚಿಕಿತ್ಸೆಯ ಚರಿತ್ರೆಯಲ್ಲಿ ನಮ್ಮ ನೆರೆಯ ಬೆಟ್ಟಗಳ ಗಿಡವೊಂದು ಬರುತ್ತದೆ. ದಕ್ಷಿಣ ಅಮೆರಿಕದ ಸಿಂಕೋನ ಮರವನ್ನು 1860ರ ದಶಕದಲ್ಲಿ ನೀಲಗಿರಿಯಲ್ಲಿ ಬೆಳೆಸಿದ್ದು ಮಲೇರಿಯಾಕ್ಕೆ ಬೇಕಾದ ಕ್ವಿನೈನಿಗಾಗಿ. 1912ರಲ್ಲಿ ಕಾರೆಲ್ ವೆಂಕೆಬಾಖ್ ಎಂಬ ಡಚ್ ವೈದ್ಯನ ಬಳಿಗೆ ಅಲಯದ ನಾಡಿಯ ವರ್ತಕನೊಬ್ಬ ಬಂದು, ಒಂದು ಗ್ರಾಂ ಕ್ವಿನೈನ್ ನುಂಗಿದರೆ ತನ್ನ ನಾಡಿ ಸರಿಯಾಗುತ್ತದೆ ಎಂದ. ವೈದ್ಯ ನಂಬಲಿಲ್ಲ. ವರ್ತಕ ಮರುದಿನ ಸರಿಯಾದ ನಾಡಿಯೊಡನೆ ಬಂದು ನಿಂತ! ವೆಂಕೆಬಾಖ್ ಇದನ್ನು 1914ರಲ್ಲಿ ಪ್ರಕಟಿಸಿದ. 1918ರಲ್ಲಿ ವಾಲ್ಟರ್ ಫ್ರೈ ಸಿಂಕೋನ ತೊಗಟೆಯ ಕ್ಷಾರಗಳನ್ನು ಹೋಲಿಸಿ, ಕ್ವಿನಿಡಿನ್ ಎಲ್ಲಕ್ಕಿಂತ ಪ್ರಬಲ ಎಂದ. ವಿರಾಮಕಾಲವನ್ನು ಹಿಗ್ಗಿಸಿ, ಅಲೆಯನ್ನು ವರ್ತುಲದಲ್ಲಿ ಹಿಡಿಸದಷ್ಟು ಉದ್ದ ಮಾಡುವುದು ಅದರ ಕೆಲಸ. ಕುದುರೆಗೆ ಅದನ್ನು ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ, ಎರಡು ಗಂಟೆಗೊಮ್ಮೆ ಸುಮಾರು ಹತ್ತು ಗ್ರಾಂ ಪ್ರಮಾಣದಲ್ಲಿ ಕೊಡುತ್ತಾರೆ. ಮನುಷ್ಯನ 200 ಮಿಲಿಗ್ರಾಂ ಮಾತ್ರೆಗಳ ಲೆಕ್ಕದಲ್ಲಿ ಒಂದು ಸಲಕ್ಕೆ ಐವತ್ತು ಮಾತ್ರೆ. ಗುಣವಾಗುವ ಕುದುರೆಗಳೇ ಹೆಚ್ಚು. ಹೊಟ್ಟೆನೋವು, ಭೇದಿ, ಗೊರಸಿನ ಉರಿಯೂತ, ಕೆಲವೊಮ್ಮೆ ಹೊಸದೊಂದು ಲಯಭಂಗ, ಇವು ತೆರಬೇಕಾದ ಬೆಲೆ.

2003ರಲ್ಲಿ ಕೆನಡಾದ ಗೆಲ್ಫ್‌ನ ಪಶುವೈದ್ಯರು ಬೇರೆ ದಾರಿ ತೋರಿಸಿದರು. ಕುತ್ತಿಗೆಯ ಅಭಿಧಮನಿಯಿಂದ, ಅಂದರೆ ಶೋವೋ ಮತ್ತು ಮರೇ ಹೋದ ಅದೇ ಹಾದಿಯಿಂದ, ಎರಡು ವಿದ್ಯುದ್ದಂಡಗಳನ್ನು ಹೃದಯದತ್ತ ಇಳಿಸಿ, ಕುದುರೆಗೆ ಪೂರ್ಣ ಅರಿವಳಿಕೆ ಕೊಟ್ಟು, ಹೃದಯದ ಲಯಕ್ಕೆ ಹೊಂದಿಸಿದ ವಿದ್ಯುದಾಘಾತದಿಂದ ಕಂಪನವನ್ನು ನಿಲ್ಲಿಸಿದರು. ಮನುಷ್ಯರಲ್ಲಿ ಎದೆಯ ಮೇಲಿನಿಂದಲೇ ಆಘಾತ ಕೊಡಬಹುದು. ಕುದುರೆಯ ಎದೆಯ ಅಗಲಕ್ಕೆ ಅದು ಸಾಲದು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಪಶುವೈದ್ಯರು ಇತ್ತೀಚಿನ ವರ್ಷಗಳಲ್ಲಿ ಕುದುರೆಯ ಹೃದಯದೊಳಗೆ ಚೋದನೆ ಸಾಗುವ ಹಾದಿಯ ಮೂರು ಆಯಾಮದ ನಕ್ಷೆ ತೆಗೆದು, ವರ್ತುಲ ಸುತ್ತುವ ಆಯಕಟ್ಟಿನ ಜಾಗವನ್ನು ರೇಡಿಯೋ ತರಂಗದ ಶಾಖದಿಂದ ಸುಟ್ಟು ಕೆಲವು ಬಗೆಯ ಲಯಭಂಗಗಳನ್ನು ಗುಣಪಡಿಸಿದ್ದಾರೆ.

ಆದರೆ ರೋಗವನ್ನು ಹಿಡಿಯುವುದೇ ಮೊದಲ ಕಷ್ಟ. ನಾರ್ಮನ್ ಹೋಲ್ಟರ್ 1947ರಲ್ಲಿ ತಯಾರಿಸಿದ, ಬೆನ್ನಿಗೆ ಹೊತ್ತುಕೊಳ್ಳುವ ಹೃಲ್ಲೇಖ ಯಂತ್ರ 38 ಕಿಲೋಗ್ರಾಂ ತೂಗುತ್ತಿತ್ತು. ಮನುಷ್ಯನಿಗಿಂತ ಕುದುರೆಗೇ ತಕ್ಕ ಹೊರೆ! ಇಂದು ಅದೇ ಕೆಲಸವನ್ನು ಜೀನಿನ ಕೆಳಪಟ್ಟಿಯೊಳಗೆ ಅಡಗುವ ಸಣ್ಣ ಪೆಟ್ಟಿಗೆ ಮಾಡುತ್ತದೆ, ಮೊಬೈಲ್ ಫೋನಿಗೆ ಜೋಡಿಸುವ ಎರಡು ಲೋಹದ ಬಿಲ್ಲೆಗಳೂ ಅರೆ ನಿಮಿಷದ ಲೇಖ ಕೊಡುತ್ತವೆ. ಲೇಖವನ್ನು ಓದುವಾಗ ಒಂದು ಎಚ್ಚರ ಬೇಕು. ಚೋದನೆಯನ್ನು ಹರಡುವ ಪುರ್ಕಿಂಜೆ ಎಳೆಗಳು ಕುದುರೆಯಲ್ಲಿ ಕುಕ್ಷಿಯ ಗೋಡೆಯ ಒಳಮೈಯಿಂದ ಹೊರಮೈಯವರೆಗೆ ನುಗ್ಗಿರುತ್ತವೆ, ಮನುಷ್ಯನಲ್ಲಿ ಹಾಗಿಲ್ಲ. ಆದ್ದರಿಂದ ಕುದುರೆಯ ಹೃಲ್ಲೇಖದ ಅಲೆಯ ಎತ್ತರ ನೋಡಿ ಹೃದಯ ದೊಡ್ಡದಾಗಿದೆಯೇ ಎಂದು ಹೇಳಲಾಗದು ಎಂಬುದನ್ನು ಹ್ಯಾಮ್ಲಿನ್ ಮತ್ತು ಸ್ಮಿತ್ 1965ರಲ್ಲೇ ವಿವರಿಸಿದ್ದಾರೆ. ಲಯವನ್ನು ಮಾತ್ರ ಅದು ನಿಖರವಾಗಿ ಹೇಳುತ್ತದೆ.

ಓಟದ ನಡುವೆ ಕುಸಿದು ಸತ್ತ ಕುದುರೆಯ ಶವಪರೀಕ್ಷೆಯಲ್ಲಿ ಎಷ್ಟೋ ಸಲ ಒಡೆದ ರಕ್ತನಾಳವಾಗಲೀ ಹೃದಯದ ಗಾಯವಾಗಲೀ ಸಿಗುವುದಿಲ್ಲ. ಸುತ್ತುತ್ತಿದ್ದ ಅಲೆ ನಿಂತ ಮೇಲೆ ಸ್ನಾಯುವಿನಲ್ಲಿ ಅದರ ಗುರುತು ಉಳಿಯುವುದಿಲ್ಲ, ದೀಪ ಆರಿದ ಮೇಲೆ ತಂತಿಯಲ್ಲಿ ವಿದ್ಯುತ್ತಿನ ಗುರುತು ಉಳಿಯದಂತೆ. ಅಂಥ ಸಾವಿನ ಕಾರಣ ತಿಳಿಯಬೇಕಾದರೆ ಕುದುರೆ ಓಡುತ್ತಿರುವಾಗಲೇ ಲೇಖ ತೆಗೆದಿರಬೇಕು. ಹಲವು ದೇಶಗಳ ಪಶುವೈದ್ಯರು ಈಗ ತರಬೇತಿಯ ಓಟಗಳಲ್ಲಿ ಕುದುರೆಯ ಎದೆಪಟ್ಟಿಗೆ ಆ ಪೆಟ್ಟಿಗೆಯನ್ನು ಕಟ್ಟುತ್ತಿದ್ದಾರೆ. ಓಟ ಮುಗಿದು ವೇಗ ತಗ್ಗುವ ಮೊದಲ ಒಂದೆರಡು ನಿಮಿಷಗಳಲ್ಲಿ, ವೇಗಸ್ ನರ ಮತ್ತೆ ಹಿಡಿತ ಬಿಗಿಮಾಡುವ ಹೊತ್ತಿಗೆ, ಅಕಾಲದ ಬಡಿತಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿರುವುದು ಆ ಲೇಖಗಳಲ್ಲಿ ದಾಖಲಾಗುತ್ತಿದೆ.